ತಾಳ ರಕ್ತದಲ್ಲಿಲ್ಲ

ಕಪ್ಪುಜನರ ಸಂಗೀತದ ಬಗ್ಗೆ ಓದುಬಲ್ಲವರೂ ಸಲೀಸಾಗಿ ಆಡುವ ಮಾತೊಂದಿದೆ: ‘ತಾಳ ಅವರ ರಕ್ತದಲ್ಲೇ ಇದೆ.’ ಹೊಗಳಿಕೆಯಂತೆ ಕೇಳುವ ಈ ಮಾತಿನ ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕು. ರಕ್ತದಲ್ಲಿರುವುದನ್ನು ಯಾರೂ ಕಲಿಯಬೇಕಿಲ್ಲ. ಕಲಿಯದೆ ಬಂದದ್ದು ವಿದ್ಯೆಯಲ್ಲ. ವಿದ್ಯೆಯಲ್ಲದ್ದಕ್ಕೆ ಚರಿತ್ರೆಯೂ ಬೇಡ, ಕೂಲಿಯೂ ಬೇಡ. ಹುಟ್ಟಿನಿಂದಲೇ ಕಸುಬು ಅಂತ ಹೇಳುವ ನಮ್ಮ ಜಾತಿಶಾಸ್ತ್ರಕ್ಕೂ ಈ ತರ್ಕಕ್ಕೂ ಬಹಳ ದೂರವಿಲ್ಲ. ಇದನ್ನು ಪರೀಕ್ಷಿಸಲು ನಾನು ಎತ್ತಿಕೊಂಡಿರುವುದು ಅಮೆರಿಕದ ಶಿಕಾಗೋ ಮತ್ತು ಡೆಟ್ರಾಯಿಟ್ ನಗರಗಳ ಕಪ್ಪು ಹುಡುಗರು 1980ರ ದಶಕದಲ್ಲಿ ತಮ್ಮ ಮನೆಯ ಕೋಣೆಗಳಲ್ಲಿ ಕೂತು ವಿದ್ಯುತ್ ಯಂತ್ರಗಳಿಂದ ಕಟ್ಟಿದ ಸಂಗೀತವನ್ನು. ಅಲ್ಲಿ ಚರ್ಮವಿಲ್ಲ, ತಂತಿಯಿಲ್ಲ. ಬರೀ ಗುಂಡಿ ಮತ್ತು ತಿರುಗಣೆ.

1979ರ ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್ ಮೈದಾನದಲ್ಲಿ ಎರಡು ಬೇಸ್‌ಬಾಲ್ ಆಟಗಳ ನಡುವೆ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದರು. ಅವತ್ತು ಅಲ್ಲಿ ಕೆಲಸಕ್ಕಿದ್ದ ಕಪ್ಪು ಹುಡುಗ ವಿನ್ಸ್ ಲಾರೆನ್ಸ್, ಜನ ತಂದಿದ್ದ ತಟ್ಟೆಗಳಲ್ಲಿ ಡಿಸ್ಕೋ ಅಲ್ಲದ, ಬರೀ ಕಪ್ಪು ಕಲಾವಿದರದಾದ ತಟ್ಟೆಗಳೂ ಇದ್ದವು ಅಂತ ಮುಂದೆ ನೆನೆಸಿಕೊಂಡ. ಸಿಡಿಸಿದ್ದು ಯಾರನ್ನು ಅನ್ನುವುದು ಅವನಿಗೆ ತಿಳಿಯಿತು. ಐದು ವರ್ಷದ ನಂತರ, 1984ರಲ್ಲಿ, ಅದೇ ಲಾರೆನ್ಸ್ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ಡ್ರಮ್ ಮಷಿನ್ ಮುಂದಿಟ್ಟುಕೊಂಡು ‘ಆನ್ ಅಂಡ್ ಆನ್’ ಮಾಡಿದ. ಹೌಸ್ ಅನ್ನುವ ಸಂಗೀತದ ಮೊದಲ ತಟ್ಟೆಗಳಲ್ಲಿ ಅದೂ ಒಂದು.

ಇನ್ನು ಯಂತ್ರಗಳ ಕತೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಡ್ರಮ್ ಮಷಿನ್ ತಂದಿತು. ಹದಿನಾರು ಗುಂಡಿ, ಒಂದು ಆವರ್ತಕ್ಕೆ ಹದಿನಾರು ಹೆಜ್ಜೆ. ಯಾವ ಹೆಜ್ಜೆಗೆ ಯಾವ ಪೆಟ್ಟು ಅಂತ ಗುಂಡಿ ಒತ್ತಿ ಬರೆಯಬೇಕು. ನಿಜವಾದ ಡ್ರಮ್ಮಿನ ಹಾಗೆ ಕೇಳಿಸೋದಿಲ್ಲ ಅಂತ ಅನೇಕ ಸಂಗೀತಗಾರರು ಮೂಗು ಮುರಿದರು. ಸುಮಾರು 12,000 ತಯಾರಾಗಿ 1983ರಲ್ಲಿ ನಿಂತುಹೋಯಿತು. ಅದರ ಬೆನ್ನಿಗೇ ಬಂದ ಟಿಬಿ-303 ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರಿನವರಿಗೆ ಬೇಸ್ ಗಿಟಾರಿನ ಬದಲಿ ಆಗಲಿ ಅಂತ ಮಾಡಿದ್ದು. ಅದರಲ್ಲಿ ಸ್ವರವನ್ನು ಒಂದು ಸಲ, ಕಾಲವನ್ನು ಇನ್ನೊಂದು ಸಲ ಬೇರೆಬೇರೆಯಾಗಿ ತುಂಬಬೇಕಾದ ಫಜೀತಿ. 1984ಕ್ಕೆ ಅದೂ ಮುಚ್ಚಿತು. ಅಂಗಡಿಯವರು ಸಿಕ್ಕಿದ ಬೆಲೆಗೆ ಕೊಟ್ಟು ಕೈತೊಳೆದುಕೊಂಡರು. ಉಳ್ಳವರಿಗೆ ಬೇಡವಾದ ಈ ಸರಕು ಸೆಕೆಂಡ್‌ಹ್ಯಾಂಡಾಗಿ ಇಲ್ಲದವರ ಕೋಣೆಗೆ ಬಂತು.

ಶಿಕಾಗೋದ ಫ್ಯೂಚರ್ ಎಂಬ ಮೂವರ ತಂಡ, ಅಂದರೆ ಡಿಜೆ ಪಿಯರ್, ಸ್ಪಾಂಕಿ ಮತ್ತು ಹರ್ಬ್ ಜೆ, ಇಂಥದೇ ಒಂದು 303 ಇಟ್ಟುಕೊಂಡು ಕಂಪನಿ ಯೋಚಿಸದೆ ಇದ್ದದ್ದನ್ನು ಮಾಡಿತು. ಸ್ವರಸಾಲು ಓಡುತ್ತಿರುವಾಗಲೇ ತಿರುಗಣೆಗಳನ್ನು ತಿರುಗಿಸಿದರು. ಒಂದು ತಿರುಗಣೆ ಶಬ್ದದ ಮೇಲಿನ ಪದರಗಳನ್ನು ಕತ್ತರಿಸುತ್ತದೆ. ಇನ್ನೊಂದು ಕತ್ತರಿಸಿದ ಅಂಚನ್ನೇ ಹಿಗ್ಗಿಸಿ ಕೀರಲು ಹೊರಡಿಸುತ್ತದೆ. ಸ್ವರ ಬದಲಾಗುವುದಿಲ್ಲ, ಅದರ ಗಂಟಲು ಬದಲಾಗುತ್ತದೆ. ಹೀಗೆ ಹುಟ್ಟಿದ ಹನ್ನೊಂದು ನಿಮಿಷದ ‘ಆಸಿಡ್ ಟ್ರ್ಯಾಕ್ಸ್’ 1987ರಲ್ಲಿ ಹೊರಬಂತು. ಗುಜರಿಗೆ ಹೋಗಬೇಕಿದ್ದ ಆ ಡಬ್ಬಿಗೆ ಇವತ್ತು ಸಾವಿರಾರು ಡಾಲರ್ ಬೆಲೆ.

ಡೆಟ್ರಾಯಿಟ್‌ನ ಕತೆ ಇನ್ನಷ್ಟು ಖಚಿತ. 1967ರ ದಂಗೆಯಲ್ಲಿ 43 ಜನ ಸತ್ತ, ಕಾರು ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದ ಊರು ಅದು. 1962ರಲ್ಲಿ ಹುಟ್ಟಿದ ಹ್ವಾನ್ ಆಟ್ಕಿನ್ಸ್‌ಗೆ ಅಜ್ಜಿ ಕೊಡಿಸಿದ್ದು ಒಂದು ಕೋರ್ಗ್ ಎಂಎಸ್-10 ಸಿಂಥಸೈಜರ್. ಸ್ಟುಡಿಯೋ ಬಾಡಿಗೆಗೆ ದುಡ್ಡೆಲ್ಲಿ? ಒಂದು ಕ್ಯಾಸೆಟ್ಟಿನಲ್ಲಿ ಹಿಡಿದದ್ದನ್ನು ನುಡಿಸುತ್ತಾ, ಅದರ ಮೇಲೆ ಹೊಸ ಪದರ ಸೇರಿಸಿ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸುತ್ತಾ ಕಲಿತ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದ ರಿಕ್ ಡೇವಿಸ್ ಜೊತೆ ಸೇರಿ 1981ರಲ್ಲಿ ಸೈಬೊಟ್ರಾನ್ ಹೆಸರಲ್ಲಿ ಮೊದಲ ತಟ್ಟೆ ತಂದ. 1985ರಲ್ಲಿ ಮೆಟ್ರೋಪ್ಲೆಕ್ಸ್ ಎಂಬ ತನ್ನದೇ ಸಂಸ್ಥೆ ಕಟ್ಟಿದ. ಇಲ್ಲಿ ನಡೆದದ್ದು ಕೈತಪ್ಪಿ ಆದ ಪವಾಡವಲ್ಲ, ಅಭ್ಯಾಸ. ಯಂತ್ರದ ವ್ಯಾಕರಣ ಕಲಿತು, ಅದನ್ನು ಮುರಿದು, ಹೊಸದು ಬರೆದರು.

ಈ ಸಂಗೀತಕ್ಕೆ ಟೆಕ್ನೋ ಎಂಬ ಹೆಸರು ನಿಂತದ್ದು 1988ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಡೆಟ್ರಾಯಿಟ್ ಸಂಕಲನದಿಂದ. ಆಮೇಲೆ ಅದು ಯುರೋಪಿನ ಬಿಳಿಯರ ಸಂಗೀತ ಅಂತಲೇ ಎಷ್ಟೋ ಜನ ನಂಬಿದರು. 2024ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬರ್ಲಿನ್ನಿನವರು ಪ್ರೀತಿಯಿಂದ ಸಾಕಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಂಪರೆ ಅನ್ನುವ ಮಾತು ಯಾವ ಊರಿಗೆ ಬೇಗ ಅಂಟುತ್ತೆ, ಯಾವ ಊರಿಗೆ ಅಂಟೋದಿಲ್ಲ ಅನ್ನುವುದನ್ನು ನಾವು ಗಮನಿಸದಿದ್ದರೆ ಇನ್ಯಾರು ಗಮನಿಸಬೇಕು?

ನಮ್ಮಲ್ಲೂ ಇದೇ ನಡೆದಿದೆ. ನಮ್ಮಜ್ಜ ತಮಟೆಯವನು. ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿ, ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, ಮತ್ತೆ ಕಾಯಿಸುತ್ತಿದ್ದ. ಎಷ್ಟು ಕಾವಿಗೆ ಎಷ್ಟು ಬಿಗಿ, ಎಷ್ಟು ಬಿಗಿಗೆ ಯಾವ ನಾದ ಅನ್ನುವ ಲೆಕ್ಕ ಅವನಿಗೆ ಗೊತ್ತಿತ್ತು. ವೀಣೆಯ ಶ್ರುತಿ ಶಾಸ್ತ್ರವಾಯಿತು, ತಮಟೆಯ ಶ್ರುತಿ ಹುಟ್ಟುಗುಣವಾಯಿತು. ನಾನು ಪಾಠ ಮಾಡುವ ಕಡೆ ಒಬ್ಬ ಹಿರಿಯ ಸಹೋದ್ಯೋಗಿ, ‘ನಿಮ್ಮವರಿಗೆ ಬಿಡಪ್ಪಾ, ಅದು ಹುಟ್ಟಿನಿಂದಲೇ ಬರುತ್ತೆ’ ಅಂದರು. ಸಾವಿನ ಮನೆ ಮುಂದೆ ಬಿಟ್ಟಿ ಬಾರಿಸುವುದಿಲ್ಲ ಎಂದು ತಮಟೆ ಕೆಳಗಿಟ್ಟ ಕೇರಿಗಳೂ ಇವೆ, ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅದನ್ನೇ ಎತ್ತಿ ಬಾರಿಸಿದವರೂ ಇದ್ದಾರೆ. ಎರಡೂ ಆಯ್ಕೆಗಳೇ. ಆಯ್ಕೆ ಮಾಡುವವನಿಗೆ ಬುದ್ಧಿ ಇರುತ್ತದೆ, ಬರೀ ರಕ್ತ ಅಲ್ಲ.

1972ರಲ್ಲಿ ಮುಂಬಯಿಯ ನಮ್ಮವರು ಪ್ಯಾಂಥರ್ಸ್ ಎಂಬ ಹೆಸರನ್ನೇ ಕಪ್ಪುಜನರಿಂದ ತಂದುಕೊಂಡರು. ಅವರ ಸಿಟ್ಟನ್ನು, ಕಾವ್ಯವನ್ನು ನಾವು ಓದಿಕೊಂಡೆವು. ಅವರ ಯಂತ್ರವಿದ್ಯೆಯನ್ನು ಅಷ್ಟಾಗಿ ಓದಲಿಲ್ಲ. ದಲಿತ ವಿಮರ್ಶೆ ಇಲ್ಲಿತನಕ ನೋವಿನ ದಾಖಲೆಯನ್ನು ಚೆನ್ನಾಗಿ ಮಾಡಿದೆ. ಕೈಚಳಕದ ದಾಖಲೆ ಇನ್ನೂ ಬಾಕಿಯಿದೆ. ಯಾವ ಮರ, ಯಾವ ತೊಗಲು, ಎಷ್ಟು ಕಾವು, ಯಾರಿಂದ ಕಲಿತದ್ದು, ಯಾವ ವರ್ಷ ಅಂತ ಕೇಳಿ ಬರೆದುಕೊಳ್ಳಬೇಕು. ಬಾರಿಸುವ ಹಿರಿಯರು ಕೇರಿಯಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಈ ಕೆಲಸ ಆಗಬೇಕು.