ವಾರ್ತಾವಾಹಕರ ಸಮದೃಷ್ಟಿ ಮತ್ತು ರಾಜ್ಯದ ಹೊಣೆ

ವಾರ್ತೆಯನ್ನು ಸಾಗಿಸುವವನು ವಾರ್ತೆಯ ಒಡೆಯನಲ್ಲ. ಕೂಲಿ ಪಡೆದ ಮೇಲೆ ಯಾರ ಓಲೆಯನ್ನಾದರೂ ಒಂದೇ ಕ್ರಮದಲ್ಲಿ ಮುಟ್ಟಿಸತಕ್ಕವನು. ಈ ತತ್ತ್ವವು ಅಂತರಜಾಲದೊಡನೆ ಹುಟ್ಟಿದುದೆಂದು ಅನೇಕರು ಭಾವಿಸಿದ್ದಾರೆ. ಅಮೆರಿಕದ ನ್ಯಾಯಶಾಸ್ತ್ರ ವಿದ್ವಾಂಸ ಟಿಮ್ ವು ಅವರು 2003ರಲ್ಲಿ ಇದಕ್ಕೆ ‘ನೆಟ್ ನ್ಯೂಟ್ರಾಲಿಟಿ’ ಎಂಬ ಹೆಸರನ್ನು ಬಳಕೆಗೆ ತಂದರೆಂಬುದು ನಿಜ. ಆದರೆ ವಸ್ತುವು ಹೆಸರಿಗಿಂತ ಬಹಳ ಹಳೆಯದು.

1854ಕ್ಕೆ ಮೊದಲು ಕಂಪನಿ ಸರ್ಕಾರದ ಅಂಚೆಯಲ್ಲಿ ಓಲೆಯ ತೂಕವಲ್ಲದೆ ದೂರವೂ ದರವನ್ನು ನಿರ್ಧರಿಸುತ್ತಿದ್ದಿತು. ಆ ವರ್ಷದ ಶಾಸನವು ಕಾಲು ತೊಲದ ಓಲೆಗೆ, ಅದು ದೇಶದ ಯಾವ ಮೂಲೆಗೇ ಹೋಗಲಿ, ಅರ್ಧ ಆಣೆ ಎಂದು ಗೊತ್ತುಮಾಡಿತು. ಹತ್ತಿರದ ಓಲೆಯ ಆದಾಯವು ದೂರದ ಓಲೆಯ ವೆಚ್ಚವನ್ನು ಹೊತ್ತಿತು. ಬಡವನಿಗೆ ಬೇರೆಯೊಂದು ಕಿರಿದಾದ ಅಂಚೆಯನ್ನು ಕಟ್ಟಿಕೊಡಬೇಕಾಗಿ ಬರಲಿಲ್ಲವೆಂಬ ಅಂಶವು ನಮ್ಮ ಚರ್ಚೆಗೆ ಮುಖ್ಯವಾದುದು.

ಅಮೆರಿಕದ ಕಾಂಗ್ರೆಸ್ಸು 1860ರಲ್ಲಿ ಪೆಸಿಫಿಕ್ ತಂತಿ ಶಾಸನವನ್ನು ಅಂಗೀಕರಿಸಿ, ವ್ಯಕ್ತಿಯಾಗಲಿ ಕಂಪನಿಯಾಗಲಿ ಕೊಟ್ಟ ತಂತಿಗಳನ್ನು ಬಂದ ಸರದಿಯಲ್ಲಿಯೇ ಪಕ್ಷಪಾತವಿಲ್ಲದೆ ಕಳುಹಿಸಬೇಕೆಂದು ವಿಧಿಸಿತು. ಸರ್ಕಾರದ ತಂತಿಗಳಿಗೆ ಮಾತ್ರ ಅಗ್ರಸ್ಥಾನವಿದ್ದಿತು. ಈ ವಿನಾಯಿತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವು 1995ರ ಆಗಸ್ಟ್ 15ರಂದು ದೊರೆಯಿತು. ಸುಮಾರು ಎರಡು ದಶಕಗಳ ಮೇಲೆ ಈ ಹಳೆಯ ಪ್ರಶ್ನೆಯು ಮರಳಿ ತಲೆಯೆತ್ತಿತು. ಅಂತರಜಾಲದ ಮೂಲಕ ಮಾಡುವ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಸಾರಿ, ವಿರೋಧ ಬಂದೊಡನೆ ಹಿಂತೆಗೆದುಕೊಂಡಿತು. 2015ರ ಏಪ್ರಿಲಿನಲ್ಲಿ ಅದೇ ಸಂಸ್ಥೆಯು ‘ಏರ್‌ಟೆಲ್ ಜೀರೊ’ ಯೋಜನೆಯನ್ನು ಮುಂದಿಟ್ಟಿತು: ಬಳಕೆದಾರನ ಬದಲು ವರ್ತಕನೇ ದತ್ತಾಂಶದ ವೆಚ್ಚವನ್ನು ತೆರುವ ಏರ್ಪಾಡು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಇದರಲ್ಲಿ ಸೇರುವ ಮಾತುಕತೆ ನಡೆಸಿ, ಜನಾಭಿಪ್ರಾಯವನ್ನು ಕಂಡು ಹಿಂದೆ ಸರಿಯಿತು. ಅಷ್ಟರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಸಮಾಲೋಚನಾ ಪತ್ರಕ್ಕೆ ಉತ್ತರವಾಗಿ ಹತ್ತು ಲಕ್ಷ ಮೀರಿದ ಮಿಂಚಂಚೆಗಳು ಬಂದಿದ್ದವು.

ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಯೋಜನೆಯ ವಾದವು ಇವೆಲ್ಲಕ್ಕಿಂತ ಬಲವಾಗಿದ್ದಿತು. ಅದನ್ನು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ. ಏನೂ ಇಲ್ಲದವನಿಗೆ ಕೆಲವು ತಾಣಗಳಾದರೂ ಉಚಿತವಾಗಿ ದೊರೆಯಲಿ ಎಂಬುದು ಆ ವಾದ. ಆದರೆ ಆ ‘ಕೆಲವು’ ಯಾವುವೆಂಬುದಕ್ಕೆ ಷರತ್ತು ಹಾಕುವವರು ಯಾರು? ಅಲ್ಲಿ ವಾಹಕನು ದ್ವಾರಪಾಲಕನಾಗುತ್ತಾನೆ. ಬಡವನು ಆ ಆವರಣದೊಳಗಿನದನ್ನೇ ಲೋಕವೆಂದು ತಿಳಿಯಬೇಕಾಗುತ್ತದೆ. ಐ.ಐ.ಟಿ.ಗಳ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನೇಕ ಅಧ್ಯಾಪಕರು 2015ರ ಡಿಸೆಂಬರಿನಲ್ಲಿ ಇದನ್ನು ಬಹಿರಂಗವಾಗಿ ವಿರೋಧಿಸಿದರು. 2016ರ ಫೆಬ್ರವರಿ 8ರಂದು ಟ್ರಾಯ್, ವಿಷಯವನ್ನು ನೋಡಿ ದರದಲ್ಲಿ ಭೇದ ಮಾಡುವುದನ್ನು ನಿಷೇಧಿಸಿ, ತಪ್ಪಿದರೆ ದಿನಕ್ಕೆ 50,000 ರೂಪಾಯಿಯಂತೆ ಗರಿಷ್ಠ 50 ಲಕ್ಷದವರೆಗೆ ದಂಡವನ್ನು ಗೊತ್ತುಮಾಡಿತು. ವೇಗದಲ್ಲಿ ಭೇದ ಮಾಡಬಾರದೆಂಬ ತತ್ತ್ವಕ್ಕೆ 2018ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ಇದೇ ರಕ್ಷಣೆಯನ್ನು ಅಮೆರಿಕದ ಆಯೋಗವು 2015ರಲ್ಲಿ ಕೊಟ್ಟು, 2017ರಲ್ಲಿ ತೆಗೆದು, 2024ರಲ್ಲಿ ಮತ್ತೆ ಕೊಟ್ಟಿತು. 2025ರ ಜನವರಿಯಲ್ಲಿ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಆಡಳಿತದೊಡನೆ ಬದಲಾಗುವ ಆಜ್ಞೆಗಿಂತ ಶಾಸನದ ಆಧಾರವೇ ಗಟ್ಟಿಯಾದುದೆಂದು ನಮಗೆ ತೋರುತ್ತದೆ.

ಆದರೆ ಕಂಪನಿಗಳ ಕೈಯನ್ನು ತಡೆಯುವ ರಾಜ್ಯವು ತನ್ನ ಕೈಯನ್ನು ತಡೆದುಕೊಳ್ಳುವುದೇ? 1860ರ ವಿನಾಯಿತಿಯು ನೆನಪಾಗುವುದು ಇಲ್ಲಿ. ನಮ್ಮ 1885ರ ತಂತಿ ಶಾಸನದ ಐದನೆಯ ಪ್ರಕರಣವು ತುರ್ತು ಪರಿಸ್ಥಿತಿಯಲ್ಲಿ ಸಂದೇಶಗಳನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದಿತು. ಅಂತರಜಾಲವನ್ನು ಸ್ಥಗಿತಗೊಳಿಸುವ 2017ರ ನಿಯಮಗಳು ಆ ಶಾಸನದಡಿಯಲ್ಲಿಯೇ ಹೊರಟವು. 2023ರ ದೂರಸಂಪರ್ಕ ಅಧಿನಿಯಮವೂ ಅಂತಹ ಅಧಿಕಾರವನ್ನು ಉಳಿಸಿಕೊಂಡಿದೆ. 2019ರ ಆಗಸ್ಟಿನಲ್ಲಿ ಜಮ್ಮು-ಕಾಶ್ಮೀರದಲ್ಲಿ ನಿಂತ ಅಂತರಜಾಲದ ಪೂರ್ಣ ವೇಗವು ಅಲ್ಲಿಗೆಲ್ಲ ಮರಳಿದುದು 2021ರ ಫೆಬ್ರವರಿಯಲ್ಲಿ. ಇದರ ನಡುವೆ, 2020ರ ಜನವರಿ 10ರಂದು, ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅನಿರ್ದಿಷ್ಟ ಕಾಲದ ಸ್ಥಗಿತವು ಸಲ್ಲದೆಂದೂ, ಅಂತಹ ಆಜ್ಞೆಗಳನ್ನು ಪ್ರಕಟಿಸಬೇಕೆಂದೂ ತೀರ್ಪಿತ್ತಿತು.