ಹೇಬಿಯಸ್ ಕಾರ್ಪಸ್ ಅರ್ಜಿ

ಕಾನೂನಿಗೆ ವಿರುದ್ಧವಾಗಿ ಹಿಡಿದಿಟ್ಟ ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ, ಬಂಧನದ ಆಧಾರವನ್ನು ವಿವರಿಸುವಂತೆ ಮಾಡುವ ರಿಟ್ ಅರ್ಜಿ. ಭಾರತದಲ್ಲಿ ಇದನ್ನು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ, 32ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿ ಸಲ್ಲಿಸಬಹುದು. ಬಂದಿ ತಪ್ಪಿತಸ್ಥನೇ ಎಂಬುದು ಇಲ್ಲಿ ಮುಖ್ಯವಲ್ಲ. ಅವನನ್ನು ಹಿಡಿದಿಡುವ ಅಧಿಕಾರ ಇತ್ತೇ ಎಂಬುದಷ್ಟೇ ಪ್ರಶ್ನೆ.

1975ರ ತುರ್ತು ಪರಿಸ್ಥಿತಿಯಲ್ಲಿ ಈ ಪ್ರಶ್ನೆಯನ್ನು ಕೇಳಲು ಕೋರ್ಟಿಗೇ ಅಧಿಕಾರವಿದೆಯೇ ಎಂಬ ವಿವಾದ ಎದ್ದಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಅವರನ್ನು 1975ರ ಜೂನ್ 26ರಂದು ಬಂಧಿಸಿ ಸೆಂಟ್ರಲ್ ಜೈಲಿನಲ್ಲಿ ಇಡಲಾಯಿತು. ಮರುದಿನವೇ ಹೊರಬಿದ್ದ ರಾಷ್ಟ್ರಪತಿ ಆದೇಶ, 14, 21 ಮತ್ತು 22ನೇ ವಿಧಿಗಳ ಹಕ್ಕುಗಳಿಗಾಗಿ ಕೋರ್ಟಿನ ಮೆಟ್ಟಿಲೇರುವುದನ್ನು ತಡೆಯಿತು. ಆದರೂ ನಾಯಕರು ಕರ್ನಾಟಕ ಹೈಕೋರ್ಟಿಗೆ ಹೋದರು. ಅವರ ಪರ ಕೆಲಸ ಮಾಡಿದ ವಕೀಲ ಎಂ. ರಾಮಾ ಜೋಯಿಸ್ ಮುಂದೆ ಅದೇ ಜೈಲು ಸೇರಿದರು. ವಿಧಾನಸಭೆಯ ವಿರೋಧ ಪಕ್ಷದ ನಾಯಕ, ಹೊಳೆನರಸೀಪುರದ ಶಾಸಕ ಎಚ್.ಡಿ. ದೇವೇಗೌಡರೂ ಅಲ್ಲಿ ಬಂದಿಯಾಗಿದ್ದರು.

ಇಂಥ ಅರ್ಜಿಗಳನ್ನು ವಿಚಾರಿಸಬಹುದು ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ಪೊಲೀಸನೊಬ್ಬ ಹಗೆಯಿಂದ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂದು ಅಟಾರ್ನಿ ಜನರಲ್ ನಿರೇನ್ ಡೇ ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ ಎಂದು ಹೆಸರಾದ ಈ ಪ್ರಕರಣದಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಮುಂದಿನ ವರ್ಷ ಅವರನ್ನು ಬದಿಗಿಟ್ಟು ಕಿರಿಯರಾದ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಖನ್ನಾ ರಾಜೀನಾಮೆ ಕೊಟ್ಟರು.

1978ರ 44ನೇ ತಿದ್ದುಪಡಿಯ ಬಳಿಕ 20 ಮತ್ತು 21ನೇ ವಿಧಿಗಳ ರಕ್ಷಣೆಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಖಾಸಗಿತನದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಯ ಪೀಠ ಜಬಲ್ಪುರ ತೀರ್ಪನ್ನು ತಳ್ಳಿಹಾಕಿತು.

ಬಂದಿ ಮಾತ್ರವಲ್ಲ, ಅವನ ಮನೆಯವರು ಅಥವಾ ಸ್ನೇಹಿತರೂ ಅರ್ಜಿ ಹಾಕಬಹುದು. ಜೈಲಿನಿಂದ ಬಂದ ಪತ್ರವನ್ನೇ ಕೋರ್ಟು ಅರ್ಜಿಯೆಂದು ಸ್ವೀಕರಿಸಿದ ನಿದರ್ಶನಗಳಿವೆ. ಉದಾಹರಣೆಗೆ, ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನವರು ಹೈಕೋರ್ಟಿಗೆ ಹೋಗುವುದಾದರೆ ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗಬೇಕು; ಧಾರವಾಡ, ಕಲಬುರಗಿ ಪೀಠಗಳು ಉತ್ತರದ ಜಿಲ್ಲೆಗಳಿಗೆ. ಗೂಂಡಾ ಕಾಯ್ದೆಯಂಥ ಮುಂಜಾಗ್ರತಾ ಬಂಧನದಲ್ಲಿ ಕಾರಣಗಳನ್ನು ತಿಳಿಸಲು ತಡಮಾಡಿದರೆ, ಬಂದಿಯ ಮನವಿಯನ್ನು ಕಡತದಲ್ಲೇ ಕೊಳೆಯಲು ಬಿಟ್ಟರೆ, ಆದೇಶವೇ ಬಿದ್ದುಹೋಗಬಹುದು.

ಸಮರ್ಥ ಕೋರ್ಟು ಶಿಕ್ಷೆ ಕೊಟ್ಟ ಕೈದಿಗೆ ಭಾರತದಲ್ಲಿ ಸಾಮಾನ್ಯವಾಗಿ ಮೇಲ್ಮನವಿಯೇ ದಾರಿ. ಅಮೆರಿಕದಲ್ಲಿ ಹಾಗಲ್ಲ: ರಾಜ್ಯದ ಕೋರ್ಟುಗಳಲ್ಲಿ ಎಲ್ಲ ದಾರಿಗಳನ್ನೂ ಮುಗಿಸಿದ ಕೈದಿ, ತನ್ನ ಶಿಕ್ಷೆ ಸಂವಿಧಾನಕ್ಕೆ ವಿರುದ್ಧವೆಂದು ಫೆಡರಲ್ ಕೋರ್ಟಿನಲ್ಲಿ ಹೇಬಿಯಸ್ ಅರ್ಜಿ ಹಾಕಬಹುದು. 1996ರ ಕಾಯ್ದೆ ಅದಕ್ಕೆ ಒಂದು ವರ್ಷದ ಗಡುವು ವಿಧಿಸಿದೆ.