ಗಣಿಯೂರಿನಲ್ಲಿ ಕಲಿತ ಮಾತು

ಮೊದಲ ಸಲ ಮೈಕಿನ ಮುಂದೆ ನಿಂತಾಗ ನನ್ನ ಬಾಯಿಂದ ಸರಿಯಾಗಿ ಹೊರಟದ್ದು "ನಮಸ್ಕಾರ" ಎಂಬ ಒಂದೇ ಮಾತು. ಬಂಗಾರಪೇಟೆಯಲ್ಲಿ ನೆರೆಹೊರೆಯ ಹೆಂಗಸರು ಸೇರಿ ನಡೆಸಿದ ಸಣ್ಣ ಸಭೆ ಅದು. ಎದುರಿಗೆ ಕೂತವರೆಲ್ಲ ದಿನವೂ ಕಾಂಪೌಂಡಿನಾಚೆಯಿಂದ ಮಾತಾಡಿಸುವವರೇ. ಆದರೂ ನಾಲಿಗೆ ಒಣಗಿತು, ಕೈಯಲ್ಲಿದ್ದ ಚೀಟಿ ನಡುಗಿತು. ನಾಲ್ಕು ಸಾಲು ಓದಿ ಕೂತುಬಿಟ್ಟೆ.

ಮನೆಗೆ ಬಂದು ತಂದೆಯವರ ಮುಂದೆ ಕಣ್ಣೀರು ಹಾಕಿದೆ. ಕೆ.ಜಿ.ಎಫ್. ಗಣಿಯಲ್ಲಿ ದುಡಿದು ನಿವೃತ್ತರಾಗಿದ್ದ ಅವರು ನಕ್ಕು, "ಗಣಿಯೊಳಗಿಂದ ಯಾರೂ ಕಿರುಚುವುದಿಲ್ಲಮ್ಮ, ಗಂಟೆ ಹೊಡೀತಾರೆ" ಎಂದರು.

ಆಗ ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಕೆಲಸಗಾರರನ್ನು ಇಳಿಸಿ ಏರಿಸುವ ಕಬ್ಬಿಣದ ತೊಟ್ಟಿಲನ್ನು ನಡೆಸುವ ಯಂತ್ರದವನು ಮೇಲೆ ಕೂತಿರುತ್ತಾನೆ. ಕೆಳಗಿನವರ ಕೂಗು ಅವನಿಗೆ ಕೇಳುವುದಿಲ್ಲ. ಎಣಿಸಿ ಹೊಡೆದ ಗಂಟೆಯೇ ಮಾತು. ಗಂಟೆ ಹೊಡೆಯುವವನಿಗೆ ತಾನು ಹೇಳಬೇಕಾದ್ದೇನು ಎಂದು ಮೊದಲೇ ಗೊತ್ತಿರಬೇಕು, ಕೇಳುವವನಿಗೆ ಅದು ಸ್ಪಷ್ಟವಾಗಿ ಮುಟ್ಟಬೇಕು. ಎಣಿಕೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಭಾಷಣದ ಮೊದಲ ಪಾಠವನ್ನು ನಾನು ಹೀಗೆ ಗಣಿಯಿಂದ ಕಲಿತೆ.

ನಮ್ಮ ಸೀಮೆಯಲ್ಲಿ ಸಭೆಯ ಮಾತಿಗೆ ದೊಡ್ಡ ಚರಿತ್ರೆಯೇ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಗಣಿಗೆ ಜನ ಸೇರಿದರು. ತಮಿಳು, ತೆಲುಗು ಮನೆಮಾತಿನವರೇ ಹೆಚ್ಚು. ಕನ್ನಡ, ಉರ್ದು ಆಡುವವರೂ ಇದ್ದರು. 1930ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದು ದಾಖಲೆ ಇಡುವ ನಿಯಮ ಬಂದಾಗ ಅವರೆಲ್ಲ ಸಿಟ್ಟಿಗೆದ್ದು ಕೆಲಸ ನಿಲ್ಲಿಸಿದರು. ಆ ಮುಷ್ಕರ 21 ದಿನ ನಡೆಯಿತು. ಆಗಿನ್ನೂ ನೋಂದಾಯಿತ ಕಾರ್ಮಿಕ ಸಂಘವಿರಲಿಲ್ಲ. ಎಲ್ಲರ ಮನಸ್ಸಿನಲ್ಲೂ ಇರುವ ನೋವಿಗೆ ಅಲಂಕಾರದ ಮಾತು ಬೇಕಿಲ್ಲ ಎಂದು ನನಗೆ ಅನ್ನಿಸುವುದು ಇದನ್ನು ನೆನೆದಾಗ. 1940ರ ದಶಕದಲ್ಲಿ ಸಂಘಗಳು ಬಂದವು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮೊದಲಾದ ಮುಖಂಡರು ಕಾರ್ಮಿಕರ ಪರವಾಗಿ ನಿಂತರು.

ಮಾತಿಗೆ ಅಧಿಕಾರ ಹೆದರುತ್ತಿದ್ದ ಕಾಲವದು. 1938ರ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆ ಮೀರಿ ಸಭೆ ಸೇರಿದ ಜನರ ಮೇಲೆ ಗುಂಡು ಹಾರಿತು. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಕ್ಯಾಸಂಬಳ್ಳಿಯಲ್ಲಿ ಹುಟ್ಟಿದ ಕೆ.ಸಿ. ರೆಡ್ಡಿಯವರು 1947ರಲ್ಲಿ 'ಮೈಸೂರು ಚಲೋ' ಚಳವಳಿಯನ್ನು ಮುನ್ನಡೆಸಿ, ಅದೇ ಅಕ್ಟೋಬರಿನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಇಂದು ನಾವು ನಿರಾತಂಕವಾಗಿ ಮೈಕು ಹಿಡಿಯುತ್ತೇವಲ್ಲ, ಅದರ ಹಿಂದೆ ಇಷ್ಟೆಲ್ಲ ಇದೆ.

ಆದರೆ ಈ ಚರಿತ್ರೆಯಲ್ಲಿ ಹೆಂಗಸರ ದನಿ ಎಲ್ಲಿ? ನಮ್ಮ ಸಭೆಗಳಲ್ಲಿ ಪ್ರಾರ್ಥನೆಯೂ ವಂದನಾರ್ಪಣೆಯೂ ನಮ್ಮ ಪಾಲಿಗೆ. ನಡುವಿನ ಮಾತೆಲ್ಲ ಗಂಡಸರದು. ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾದದ್ದು 1915ರಲ್ಲಿ. ಮಹಿಳೆಯೊಬ್ಬರು ಅಧ್ಯಕ್ಷಭಾಷಣ ಮಾಡಿದ್ದು 1974ರಲ್ಲಿ, ಮಂಡ್ಯದಲ್ಲಿ, ಜಯದೇವಿತಾಯಿ ಲಿಗಾಡೆಯವರು. ನಡುವೆ 59 ವರ್ಷ! ನಮಗೆ ಮಾತು ಬಾರದೆ ಹೀಗಾಯಿತೆಂದು ನಾನು ಒಪ್ಪಲಾರೆ. ಬಾವಿಕಟ್ಟೆಯ ಬಳಿ ಬಾರದ ಮಾತೇ?

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮನೆಯ ಗಂಡಸರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ನಲ್ಲಿ ನೀರಿನ ಜಗಳ, ರೇಷನ್ನಿನ ಅರ್ಜಿ ಎಲ್ಲ ಹೆಂಗಸರ ತಲೆಗೆ ಬಂತು. ಆ ದಿನಗಳಲ್ಲಿ ಕೆ.ಜಿ.ಎಫ್.ನ ಒಂದು ಲೈನುಮನೆಯ ಬೀದಿಯಲ್ಲಿ ನೀರಿಗಾಗಿ ಸಭೆ ಸೇರಿತ್ತು. ಕೆಲವರು ಉದ್ದುದ್ದ ಮಾತಾಡಿದರು. ಬಂದಿದ್ದ ಅಧಿಕಾರಿ ಗಡಿಯಾರ ನೋಡುತ್ತಿದ್ದರು. ಕೊನೆಗೆ, ಎಂದೂ ಬಾಯಿ ಬಿಡದ ಒಬ್ಬ ಹೆಂಗಸು ಎದ್ದು, ತಮಿಳು-ಕನ್ನಡ ಬೆರೆಸಿ ಕೇಳಿದಳು: "ನಮ್ಮನೇಲಿ ಆರು ಜನ ಇದೀವಿ ಸಾರ್. ಸಿಗೋದು ಎರಡು ಕೊಡ ನೀರು. ಅಡಿಗೆ ಮಾಡಲಾ, ಮಗು ಮೈ ತೊಳೀಲಾ, ನೀವೇ ಹೇಳಿ." ಅಷ್ಟು ಹೇಳಿ ಸುಮ್ಮನೆ ನಿಂತಳು. ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು.

ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್, ಮಾತು ನಾಟಬೇಕಾದರೆ ಮೂರು ಬೇಕು ಎಂದ: ಹೇಳುವವರ ಮೇಲೆ ನಂಬಿಕೆ, ಕೇಳುವವರ ಮನಸ್ಸು ಕರಗಿಸುವ ಭಾವ, ಒಪ್ಪುವಂಥ ಕಾರಣ. ಅವನ ಹೆಸರನ್ನೇ ಕೇಳದ ಆಕೆಯ ಮಾತಿನಲ್ಲಿ ಮೂರೂ ಇದ್ದವು. ಜೊತೆಗೆ, ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತಿತ್ತು.

ಅಂದಿನಿಂದ ನಾನು ನಾಲ್ಕು ನಿಯಮ ಇಟ್ಟುಕೊಂಡಿದ್ದೇನೆ. ಹೇಳಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಮೊದಲೇ ಬರೆದುಕೊಳ್ಳುವುದು. ಒಲೆಯ ಮುಂದೆ ನಿಂತು ಎರಡು ಸಲ ಗಟ್ಟಿಯಾಗಿ ಹೇಳಿ ನೋಡುವುದು. ಸಭೆಯಲ್ಲಿ ಒಮ್ಮೆ ಹೊಟ್ಟೆತುಂಬ ಉಸಿರೆಳೆದು, ಕಟ್ಟಕಡೆಯ ಸಾಲಿನವರಿಗೆ ಕೇಳುವಂತೆ ನಿಧಾನವಾಗಿ ಶುರುಮಾಡುವುದು. ಹೇಳಿ ಮುಗಿದೊಡನೆ ನಿಲ್ಲಿಸುವುದು. ಎದೆ ಈಗಲೂ ಡವಡವ ಅನ್ನುತ್ತದೆ. ಅದರ ಪಾಡಿಗೆ ಅದು ಬಡಿದುಕೊಳ್ಳಲಿ ಎಂದು ಬಿಟ್ಟಿದ್ದೇನೆ.

ಮುಂದಿನ ಸಲ ನಿಮ್ಮೂರಿನ ಸಭೆಯಲ್ಲಿ ವಂದನಾರ್ಪಣೆ ಮಾಡಿ ಎಂದು ಕರೆದರೆ ಹೋಗಿ. ಆದರೆ ವಂದಿಸುವ ಮೊದಲು ನಿಮ್ಮ ಬೀದಿಯ ಒಂದು ಮಾತನ್ನೂ ಹೇಳಿಬನ್ನಿ.